ಹೆತ್ತ ಡ್ರೈವ್‌ಗೆ ಡಿಸ್ಕ್ ಮುದ್ದು

2008ರಲ್ಲಿ ಹಾಸನದಲ್ಲಿ ನಡೆದ ನಮ್ಮಣ್ಣನ ಮಗಳ ಮದುವೆಯ ವಿಡಿಯೊವನ್ನು ಹನ್ನೆರಡು ಡಿವಿಡಿಗಳಿಗೆ ರೈಟ್ ಮಾಡಿ ನೆಂಟರಿಗೆಲ್ಲ ಹಂಚುವ ಕೆಲಸವನ್ನು, ಯಾರೂ ಕೇಳದಿದ್ದರೂ, ನಾನಾಗಿಯೇ ಮೈಮೇಲೆ ಎಳೆದುಕೊಂಡೆ. ಸ್ಟುಡಿಯೊದವರು ಪ್ರತಿಯೊಂದು ನಕಲಿಗೂ ಹೇಳಿದ ದರ ಕೇಳಿ ಅಣ್ಣನ ಮುಖ ಬಾಡಿದ್ದೇ ನನ್ನ ಉತ್ಸಾಹಕ್ಕೆ ಕಾರಣ. ಐವತ್ತು ಖಾಲಿ ಡಿಸ್ಕ್‌ಗಳ ಡಬ್ಬಿಯನ್ನೇ ತಂದು, ತಂತ್ರಾಂಶದಲ್ಲಿ ಅತಿ ಹೆಚ್ಚಿನ ವೇಗವಾದ 16 ಎಕ್ಸ್ ಆರಿಸಿ, ‘ಬರೆದ ಮೇಲೆ ವೆರಿಫೈ ಮಾಡು’ ಎಂಬಲ್ಲಿದ್ದ ಟಿಕ್ ಗುರುತನ್ನು ಸಮಯ ವ್ಯರ್ಥವೆಂದು ತೆಗೆದುಹಾಕಿ ಕುಳಿತೆ. ಪ್ರತಿ ಸಲ ಟ್ರೇ ಹೊರಬಂದು ಪರದೆಯ ಮೇಲೆ ‘ಯಶಸ್ವಿ’ ಎಂದು ಮೂಡಿದಾಗಲೂ ನನಗೇ ಬೆನ್ನು ತಟ್ಟಿದ ಹಾಗಾಗುತ್ತಿತ್ತು.

ಪರೀಕ್ಷೆ ಮಾಡಲಿಲ್ಲವೆಂದಲ್ಲ. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವಂತೆ ಪ್ರತಿ ಡಿಸ್ಕಿನಲ್ಲೂ ಮೊದಲ ಎರಡು ನಿಮಿಷ ನೋಡಿದ್ದೆ. ಮೂರನೆಯ ದಿನ ಸಕಲೇಶಪುರದಿಂದ ಚಿಕ್ಕಮ್ಮನ ಫೋನು ಬಂತು. “ಏನೋ ಇದು, ಗಂಡು ತಾಳಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದಾನೆ. ಕಾಲು ಗಂಟೆಯಿಂದ ಕಾಯ್ತಾ ಇದ್ದೀವಿ, ಕಟ್ಟೋ ಹಾಗೇ ಕಾಣಲ್ಲ.” ಅಂದು ಸಂಜೆಯೊಳಗೆ ಅರಸೀಕೆರೆಯಲ್ಲಿಯೂ ಬೇಲೂರಿನಲ್ಲಿಯೂ ಮದುವೆ ನಿಂತುಹೋಗಿರುವ ಸುದ್ದಿ ತಲುಪಿತು.

ಡಿವಿಡಿಯಲ್ಲಿ ಬರವಣಿಗೆ ಒಳಗಿನ ಸುತ್ತಿನಿಂದ ಆರಂಭವಾಗಿ ಅಂಚಿನತ್ತ ಸಾಗುತ್ತದೆ. ನನ್ನಂಥವರು ಆರಿಸುವ ಆ 16 ಎಕ್ಸ್ ವೇಗ ಕೈಗೂಡುವುದು ಅಂಚಿನ ಬಳಿಯಲ್ಲೇ, ಬೆರಳ ಗುರುತು ಅಂಟುವುದೂ ಹೆಚ್ಚಾಗಿ ಅಲ್ಲೇ. ಹಿಂದಿನ ರಾತ್ರಿಯ ಆರತಕ್ಷತೆ, ಉಡುಗೊರೆ ಕೊಡುವವರ ಉದ್ದನೆಯ ಸಾಲು, ಐಸ್‌ಕ್ರೀಮಿನ ಮುಂದಿನ ನೂಕುನುಗ್ಗಲು ಎಲ್ಲವೂ ಒಳಸುತ್ತಿನಲ್ಲಿ ಸುಖವಾಗಿದ್ದವು. ಮಾಂಗಲ್ಯಧಾರಣೆ ಮಾತ್ರ ಅಂಚಿಗೆ ಹೋಗಿ ಬಿದ್ದಿತ್ತು. ನಾನು ಹಿಸುಕಿದ ಅಗುಳು ಬೆಂದಿತ್ತು, ಪಾತ್ರೆಯ ಅಂಚಿನ ಅನ್ನ ಅಕ್ಕಿಯಾಗಿಯೇ ಉಳಿದಿತ್ತು.

ಹಿಂದಕ್ಕೆ ಬಂದ ಡಿಸ್ಕ್‌ಗಳನ್ನು ನನ್ನ ಕಂಪ್ಯೂಟರಿಗೆ ಹಾಕಿದರೆ ಅವು ತಾಳಿ, ಸಪ್ತಪದಿ, ಊಟದ ಪಂಕ್ತಿಯವರೆಗೂ ನಿರಾತಂಕವಾಗಿ ಓಡಿದ್ದು ನನ್ನನ್ನು ಇನ್ನಷ್ಟು ಪೇಚಿಗೆ ಸಿಕ್ಕಿಸಿತು. ಹೆತ್ತವರಿಗೆ ಹೆಗ್ಗಣ ಮುದ್ದು. ತಾನೇ ಬರೆದ ಡಿಸ್ಕನ್ನು ಆ ಡ್ರೈವ್ ಹೇಗೋ ಸಂಭಾಳಿಸಿಕೊಂಡು ಓದುತ್ತಿತ್ತು, ಚಿಕ್ಕಮ್ಮನ ಮನೆಯ ಪ್ಲೇಯರಿಗೆ ಅಂಥ ವಾತ್ಸಲ್ಯವೇನೂ ಇರಲಿಲ್ಲ. ಹಾಗಾಗಿ ಎರಡನೆಯ ಸುತ್ತಿನಲ್ಲಿ ವೆರಿಫೈಗೆ ಟಿಕ್ ಹಾಕಿದೆ, ಜೊತೆಗೆ ಪ್ರತಿ ಡಿಸ್ಕನ್ನೂ ಪಕ್ಕದ ಮನೆಯ ಕಂಪ್ಯೂಟರಿಗೆ ಒಯ್ದು ಎಂಡಿ5 ಚೆಕ್‌ಸಮ್, ಅಂದರೆ ಕಡತದಲ್ಲಿರುವುದನ್ನೆಲ್ಲ ಲೆಕ್ಕಹಾಕಿ ಸಿಗುವ ಬೆರಳಚ್ಚಿನಂಥ ಗುರುತು, ತೆಗೆದೆ. ಮೂಲ ಕಡತದ 32 ಅಕ್ಷರ-ಅಂಕಿಗಳನ್ನು ನಾನು ಚೀಟಿಯಲ್ಲಿ ಹಿಡಿದು ಒಂದೊಂದಾಗಿ ಓದುವುದು, ಪಕ್ಕದ ಮನೆಯ ಹುಡುಗ ಪರದೆ ನೋಡಿ “ಹ್ಞೂಂ” ಎನ್ನುವುದು. ದೂರದಿಂದ ಕೇಳಿದವರು ಸಹಸ್ರನಾಮವೆಂದೇ ತಿಳಿದಿರಬೇಕು.

ಆದರೆ ನಕಲು ಸರಿಯಾಗಿರುವುದು ಬೇರೆ, ಡಿಸ್ಕ್ ಗಟ್ಟಿಯಾಗಿರುವುದು ಬೇರೆ ಎಂದು ಆ ಹುಡುಗನೇ ತಿಳಿಸಿದ. ಓದುವಾಗ ಸಿಗುವ ಸಣ್ಣಪುಟ್ಟ ದೋಷಗಳನ್ನು ಡ್ರೈವ್ ಸದ್ದಿಲ್ಲದೆ ತಿದ್ದಿಕೊಳ್ಳುತ್ತದೆ. ಎಷ್ಟು ತಿದ್ದಿತೆಂದು ತೋರಿಸುವುದು ಗುಣಮಟ್ಟದ ಸ್ಕ್ಯಾನ್. ದತ್ತಾಂಶದ ಸತತ ಎಂಟು ಬ್ಲಾಕ್‌ಗಳಲ್ಲಿ ಪಿಐ ದೋಷಗಳ, ಅಂದರೆ ತಿದ್ದುವಿಕೆಯ ಮೊದಲ ಹಂತದಲ್ಲಿ ಸಿಕ್ಕಿಬೀಳುವ ದೋಷಗಳ, ಮೊತ್ತ 280ನ್ನು ಮೀರಬಾರದು. ನನ್ನ ಹಳೆಯ ಡಿಸ್ಕಿನ ನಕ್ಷೆ ಒಳಗೆ ಹಾಸನದ ಬಯಲಿನಂತೆ ಸಪಾಟಾಗಿದ್ದು, ಅಂಚಿನಲ್ಲಿ ಮೂಡಿಗೆರೆಯ ಬೆಟ್ಟಗಳಂತೆ ಎದ್ದು ನಿಂತಿತ್ತು. 8 ಎಕ್ಸ್‌ನಲ್ಲಿ ಬರೆದಾಗ ಬೆಟ್ಟಗಳು ಕರಗಿದವು. (ನಿಧಾನವಾದಷ್ಟೂ ಒಳ್ಳೆಯದೆಂದೇನಿಲ್ಲ, ವೇಗಕ್ಕೆಂದೇ ತಯಾರಾದ ಡಿಸ್ಕ್ ತೀರಾ ನಿಧಾನಕ್ಕೂ ಮುನಿಸಿಕೊಳ್ಳುತ್ತದೆ.) ಬೀರುವಿನಲ್ಲಿಡುವ ಒಂದು ಪ್ರತಿಯನ್ನೂ ಹೀಗೆಯೇ ಪರೀಕ್ಷಿಸಿದೆ, ವರ್ಷ ಕಳೆದು ಬಾಗಿಲು ತೆರೆದಾಗ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆಂಬ ನಂಬಿಕೆಯೇನಿದ್ದರೂ ಹಾಸನಾಂಬೆಯ ಗುಡಿಗೆ ಸಲ್ಲುವಂಥದ್ದು, ನನ್ನ ಬೀರುವಿಗಲ್ಲ.

ಹೊಸ ಡಿಸ್ಕ್ ತಲುಪಿದ ದಿನವೇ ಚಿಕ್ಕಮ್ಮ ಫೋನು ಮಾಡಿದರು. ಎಲ್ಲೂ ನಿಲ್ಲಲಿಲ್ಲವಂತೆ, ಚಿತ್ರವೂ ಸ್ಫುಟವಾಗಿದೆಯಂತೆ. “ತಾಳಿ ಕಟ್ಟೋ ಹೊತ್ತಿಗೆ ಸರಿಯಾಗಿ ಕ್ಯಾಮೆರಾಕ್ಕೆ ಅಡ್ಡ ಬಂದು, ಅಕ್ಷತೆ ತಟ್ಟೆ ಹಿಡ್ಕೊಂಡು ಬೆನ್ನು ತೋರಿಸಿಕೊಂಡು ನಿಂತಿರೋನು ನೀನೇ ಅಲ್ವೇನೋ?” ಎಂದು ಕೇಳಿದರು.