ಆನ್ ಹುಯಿ ಮತ್ತು ನಮ್ಮ ಪ್ರೇಮಾ ಕಾರಂತ

ನಾನಿರುವ ಹಾಂಕಾಂಗ್‌ನಲ್ಲಿ ಸಿನಿಮಾ ಮಾತು ಬಂದರೆ ಆನ್ ಹುಯಿ ಹೆಸರು ಬರಲೇಬೇಕು. 1947ರಲ್ಲಿ ಚೀನಾದ ಅನ್‌ಶಾನ್‌ನಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಈ ಕಡೆ ಬಂದವರು. ಹಾಂಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಆರು ಸಲ ಅತ್ಯುತ್ತಮ ನಿರ್ದೇಶಕಿ. 2020ರಲ್ಲಿ ವೆನಿಸ್ ಚಿತ್ರೋತ್ಸವ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಕೊಟ್ಟಿತು. ಇಷ್ಟೆಲ್ಲ ಪ್ರಶಸ್ತಿಗಿಂತ ದೊಡ್ಡದು ನನಗೆ ಕಾಣುವುದು ಬೇರೆ: ಅವರ ಕೈಗೆ ಒಂದರ ಹಿಂದೊಂದು ಕೆಲಸ ಸಿಗುತ್ತಲೇ ಹೋಯಿತು.

ಶುರುವಾದದ್ದು ಟಿವಿಯಲ್ಲಿ. ಲಂಡನ್ನಿನಲ್ಲಿ ಸಿನಿಮಾ ಕಲಿತು 1975ರಲ್ಲಿ ವಾಪಸ್ ಬಂದಾಗ ಇಲ್ಲಿನ ಚಾನೆಲ್‌ಗಳು ಹೊಸಬರನ್ನು ಕರೆದು ಕೆಲಸ ಕೊಡುತ್ತಿದ್ದವು. ನಮ್ಮ ಲೋಕಾಯುಕ್ತದಂಥ ಇಲ್ಲಿನ ಭ್ರಷ್ಟಾಚಾರ ನಿಗ್ರಹ ಸಂಸ್ಥೆಯೂ ತನ್ನ ಧಾರಾವಾಹಿಯ ಕಂತುಗಳನ್ನು ಇವರ ಕೈಲಿ ಮಾಡಿಸಿತು. ಆರರಲ್ಲಿ ಎರಡು ಪ್ರಸಾರವೇ ಆಗದಷ್ಟು ಖಾರವಾಗಿದ್ದವು! ವಿಯೆಟ್ನಾಂ ನಿರಾಶ್ರಿತ ಹುಡುಗನೊಬ್ಬನ ಮೇಲೆ 1978ರಲ್ಲಿ ಮಾಡಿದ ಟಿವಿ ಕಂತೇ ಮುಂದೆ ಬೆಳೆದು 1982ರ 'ಬೋಟ್ ಪೀಪಲ್' ಸಿನಿಮಾದವರೆಗೆ ಬಂತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮಲ್ಲಿ ಪ್ರೇಮಾ ಕಾರಂತರು 'ಫಣಿಯಮ್ಮ' ಮಾಡಿದರು. ಎಂ. ಕೆ. ಇಂದಿರಾ ಅವರ ಕಾದಂಬರಿ, ರಾಷ್ಟ್ರಪ್ರಶಸ್ತಿ, ಎಲ್ಲರ ಮೆಚ್ಚುಗೆ. ಆಮೇಲೆ? ಅವರು ನಿರ್ದೇಶಿಸಿದ ಚಿತ್ರಗಳು ಬೆರಳೆಣಿಕೆಯಷ್ಟು. ಆನ್ ಹುಯಿ ಇಪ್ಪತ್ತೈದು ಚಿತ್ರ ದಾಟಿದರು. ಪ್ರತಿಭೆಯ ವ್ಯತ್ಯಾಸ ಅಂತ ನಾನಂತೂ ಒಪ್ಪುವುದಿಲ್ಲ. ಹುಯಿ ಅವರ ಚಿತ್ರಗಳೂ ಸೋತಿವೆ, ಕೆಲವು ಚೆನ್ನಾಗೇ ಸೋತಿವೆ. ಸೋತ ಮೇಲೂ ಯಾರೋ ಒಬ್ಬರು ಇನ್ನೊಂದು ಮಾಡಿ ಅಂದರು, ಅಷ್ಟೇ.

2008ರ 'ದಿ ವೇ ವಿ ಆರ್' ನೋಡಿ. ಕಡಿಮೆ ದುಡ್ಡಿನ ಚಿತ್ರ. ತಿನ್ ಶುಯಿ ವಾಯ್ ಅನ್ನುವ ದೂರದ ಬಡಾವಣೆ, ಪೇಪರಿನಲ್ಲಿ ಬರೀ ಕೆಟ್ಟ ಸುದ್ದಿಗೇ ಹೆಸರಾದ ಜಾಗ. ನಾಯಕಿ ಸೂಪರ್‌ಮಾರ್ಕೆಟ್ಟಿನಲ್ಲಿ ಡುರಿಯನ್ ಹಣ್ಣು ಬಿಡಿಸುವವಳು. ಮುಳ್ಳಿನ ಸಿಪ್ಪೆ ಸೀಳಿ ತೊಳೆ ತೆಗೆಯುತ್ತಾಳೆ, ಮನೆಗೆ ಹೋಗಿ ಮಗನಿಗೆ ಅಡುಗೆ ಮಾಡುತ್ತಾಳೆ, ಒಂಟಿ ಅಜ್ಜಿಯೊಬ್ಬರಿಗೆ ಕೈಲಾದ ಸಹಾಯ ಮಾಡುತ್ತಾಳೆ. ಕಥೆ ಅಂತ ಜಾಸ್ತಿ ಏನಿಲ್ಲ. ಆದರೂ ಕೊನೆಯಲ್ಲಿ ಹಬ್ಬದ ರಾತ್ರಿ ಅವರೆಲ್ಲ ಕೂತು ಚಕ್ಕೋತ ತಿನ್ನುವಾಗ ಗಂಟಲು ಕಟ್ಟುತ್ತದೆ. ಮೂವತ್ತು ವರ್ಷ ಬಿಡದೆ ಚಿತ್ರ ಮಾಡಿದವರಿಗೆ ಮಾತ್ರ ಇಷ್ಟು ಸರಳವಾಗಿ ಮಾಡಲು ಬರುತ್ತದೆ, ಅಲ್ವಾ?

2011ರ 'ಎ ಸಿಂಪಲ್ ಲೈಫ್'ಗೆ ದುಡ್ಡು ಹಾಕಿ ನಟಿಸಿದ್ದು ಇಲ್ಲಿನ ದೊಡ್ಡ ಸ್ಟಾರ್ ಆಂಡಿ ಲೌ. 'ಬೋಟ್ ಪೀಪಲ್'ನಲ್ಲಿ ಪಾತ್ರ ಸಿಕ್ಕಾಗ ಅವರಿನ್ನೂ ಹೊಸ ಹುಡುಗ. ಮನೆಕೆಲಸದ ಹೆಂಗಸಿನ ಪಾತ್ರ ಮಾಡಿದ ಡೀನಿ ಇಪ್‌ಗೆ ವೆನಿಸ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು.

ಹಾಂಕಾಂಗ್ ಹೆಂಗಸರಿಗೆ ಸ್ವರ್ಗ ಅಂತಲ್ಲ, ಇಲ್ಲೂ ನಿರ್ದೇಶಕಿಯರು ಕಡಿಮೆಯೇ. ಆದರೆ ನಮ್ಮಲ್ಲಿ ಸಬ್ಸಿಡಿ, ಪ್ರಶಸ್ತಿ, ಸನ್ಮಾನ ಎಲ್ಲ ಬರುವುದು ಚಿತ್ರ ಮುಗಿದ ಮೇಲೆ. ಅದಕ್ಕೆ ಮುಂಚೆ ಕೈ ಪಳಗಲು ಜಾಗ ಬೇಡವೇ? ಕನ್ನಡ ಚಾನೆಲ್‌ಗಳು ವರ್ಷಗಟ್ಟಲೆ ಎಳೆಯುವ ಧಾರಾವಾಹಿಗಳ ನಡುವೆ ವಾರಕ್ಕೊಂದು ಗಂಟೆ ಬಿಡಲಿ. ಒಂದೊಂದು ಕಂತು ಒಂದೊಂದು ಬಿಡಿ ಕಥೆ. ಹೊಸ ಹುಡುಗಿಯರನ್ನು ಕರೆದು ನಿರ್ದೇಶನ ಕೊಡಲಿ. ಮೊದಲನೆಯದು ಕೆಟ್ಟರೆ ಎರಡನೆಯದನ್ನೂ ಅವರಿಗೇ ಕೊಡಲಿ.