ಪೂತನಿಗೆ ಹೆದರದ ಊರಿನಲ್ಲಿ ಎರಡು ಬಟನ್ನಿಗೆ ಹೆದರಿದರು

ಭಾನುವಾರದ ಮಂಡೆಬಿಸಿ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಓದುವವರು ಓದಿ, ಉಳಿದವರು ಸುಮ್ನೆ ಒಂದು ಲೈಕ್ ಒತ್ತಿ ಮುಂದೆ ಹೋಗಿ, ಹೇಗೂ ಅದನ್ನೇ ತಾನೆ ಮಾಡುವುದು.

ಉಡುಪಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಧೋ ಅಂತ ಮಳೆ. ಒಳಗೆ ನಾನು, ಒಂಬತ್ತು ವರ್ಷದ ಅಕ್ಕನ ಮಗಳು, ನಡುವೆ ಒಂದು ತಟ್ಟೆ ಹಲಸಿನ ಹಪ್ಪಳ. ಟಿವಿಯಲ್ಲಿ 'ಕೊರಲೈನ್' ಅನ್ನುವ ಇಂಗ್ಲಿಷ್ ಬೊಂಬೆ ಸಿನಿಮಾ ಹಾಕಿದ್ದೆ. ನನ್ನ ಬೊಂಬೆ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಈ ಸಿನಿಮಾವನ್ನು ಎಷ್ಟು ಸಲ ನೋಡಿದ್ದೇನೆ ಅಂತ ಕೇಳಬೇಡಿ. ಹುಡುಗಿ ಹಪ್ಪಳ ಕಡಿಯುವುದನ್ನೂ ಮರೆತು ಕೂತಿದ್ದಳು. ಸೋಫಾದ ಮೂಲೆಯಲ್ಲಿ ಒಬ್ಬರು ನೆಂಟರು ಮುಕ್ಕಾಲು ಗಂಟೆಯಿಂದ ಫೋನ್ ತಿಕ್ಕುತ್ತಾ ಇದ್ದರು. ಹೆಸರು ಹೇಳುವುದಿಲ್ಲ, ಅವರೂ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ, ಓದುತ್ತಿದ್ದರೆ ನಮಸ್ಕಾರ. ಅವರು ತಲೆ ಎತ್ತಿದ್ದು ಸರಿಯಾಗಿ ಸಿನಿಮಾದ ಆ ಇನ್ನೊಬ್ಬ ಅಮ್ಮ ಪುಟ್ಟ ಡಬ್ಬಿ ಮುಂದಿಡುವ ಹೊತ್ತಿಗೆ. ಡಬ್ಬಿಯಲ್ಲಿ ಎರಡು ಕಪ್ಪು ಬಟನ್ನು, ಸೂಜಿ, ದಾರ.

"ಎಂತ ಮಾರಾಯ ಇದು? ಮಕ್ಕಳಿಗೆ ಇಂಥದ್ದೆಲ್ಲ ತೋರಿಸುತ್ತಾರಾ?"

ಅಷ್ಟು ಹೇಳಿ ರಿಮೋಟ್ ಎತ್ತಿಕೊಂಡರು. ಹಾಕಿದ್ದು ಏನು ಗೊತ್ತಾ? ನ್ಯೂಸ್. ಎಲ್ಲೋ ನಡೆದ ಕೊಲೆ. ಸಿಸಿಟಿವಿ ದೃಶ್ಯಕ್ಕೆ ಕೆಂಪು ವೃತ್ತ, ಹಿಂದಿನಿಂದ ಢಂ ಢಂ ಅಂತ ಮ್ಯೂಸಿಕ್, ಅದೇ ಏಟು ಏಳು ಸಲ. ಮಗು ಅದನ್ನೂ ಕಣ್ಣು ಬಿಟ್ಟು ನೋಡಿತು. ಅದಕ್ಕೆ ಯಾರ ತಕರಾರೂ ಇರಲಿಲ್ಲ!

ನೋಡದವರಿಗೆ ಬೇಗ ಕಥೆ ಹೇಳಿಬಿಡುತ್ತೇನೆ. ಕೊರಲೈನ್ ಅನ್ನುವ ಹುಡುಗಿ ಹೊಸ ಮನೆಗೆ ಬಂದಿದ್ದಾಳೆ. ಅಪ್ಪ ಅಮ್ಮ ಇಬ್ಬರೂ ದಿನವಿಡೀ ಕಂಪ್ಯೂಟರ್ ಮುಂದೆ. ತೋಟಗಾರಿಕೆಯ ಬಗ್ಗೆ ಬರೆಯುತ್ತಾರೆ, ಆದರೆ ಅಮ್ಮನಿಗೆ ಮನೆಗೆ ಮಣ್ಣು ಬಂದರೆ ಆಗುವುದಿಲ್ಲ. ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಆಚೆ ಕಡೆ ಇದೇ ಮನೆ, ಇವರೇ ಅಪ್ಪ ಅಮ್ಮ, ಆದರೆ ಪ್ರೀತಿ ಜಾಸ್ತಿ, ಊಟ ಬೊಂಬಾಟ್, ತೋಟ ಕೂಡ ಅವಳ ಮುಖದ ಆಕಾರದಲ್ಲಿಯೇ ಅರಳಿದೆ. ಕಣ್ಣಿನ ಜಾಗದಲ್ಲಿ ಮಾತ್ರ ಬಟನ್ನು. ಗುಬ್ಬಿ ಅನ್ನುತ್ತೇವಲ್ಲ ನಮ್ಮ ಕಡೆ, ಅದೇ, ಘಟ್ಟದ ಮೇಲಿನವರು ಹಕ್ಕಿ ಅಂದುಕೊಳ್ಳಬೇಡಿ. ಇಲ್ಲಿಯೇ ಇರಬೇಕಾದರೆ ನಿನ್ನ ಕಣ್ಣಿಗೂ ಬಟನ್ನು ಹೊಲಿಯಬೇಕು ಅನ್ನುತ್ತಾಳೆ ಆ ಇನ್ನೊಬ್ಬ ಅಮ್ಮ. ನಮ್ಮ ನೆಂಟರು ನೋಡಿದ್ದು ಇಷ್ಟನ್ನೇ. ಅದಕ್ಕಿಂತ ಮುಂಚಿನ ಮುಕ್ಕಾಲು ಗಂಟೆ, ಅಂದರೆ ದೊಡ್ಡವರು ಸ್ಕ್ರೀನಿನಿಂದ ತಲೆ ಎತ್ತದೆ "ಆಮೇಲೆ ಬಾ" ಅನ್ನುವ ಭಾಗ, ಅವರ ಕಣ್ಣಿಗೆ ಬೀಳಲಿಲ್ಲ. ಹೇಗೆ ಬೀಳುತ್ತದೆ ಹೇಳಿ.

2009ರ ಸಿನಿಮಾ ಇದು. ನಿರ್ದೇಶಕ ಹೆನ್ರಿ ಸೆಲಿಕ್. (ಅಲ್ಲ, ಟಿಮ್ ಬರ್ಟನ್ ಅನ್ನುವ ಇನ್ನೊಬ್ಬ ನಿರ್ದೇಶಕ ಮಾಡಿದ್ದು ಅಂತ ಕಾಮೆಂಟ್ ಹಾಕಲು ಹೊರಟವರು ದಯವಿಟ್ಟು ಅಲ್ಲಿಯೇ ನಿಲ್ಲಿ, ಈ ಜಗಳ ಆಡಿ ಆಡಿ ಸಾಕಾಗಿದೆ.) ಅಮೆರಿಕದ ಒರೆಗಾನ್‌ನ ಲೈಕಾ ಸ್ಟುಡಿಯೋ ಮಾಡಿದ ಮೊದಲ ಪೂರ್ಣ ಸಿನಿಮಾ. ಗೇಣುದ್ದದ ಬೊಂಬೆಗಳು. ಬೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಸರಿಸುವುದು. ತೆರೆ ಮೇಲೆ ಸೆಕೆಂಡಿಗೆ 24 ಚಿತ್ರ ಓಡಬೇಕು. ಸಿನಿಮಾ 100 ನಿಮಿಷ. ನೀವೇ ಗುಣಿಸಿ, 1,44,000 ಬರುತ್ತದೆ. ಚೆರ್ರಿ ಮರದ ಹೂವು ನೋಡಿ ಆಹಾ ಅನ್ನುತ್ತೀರಲ್ಲ, ಅದು ಬಣ್ಣ ಬಳಿದ ಪಾಪ್‌ಕಾರ್ನ್. ಕೊರಲೈನ್ ಹಾಕಿಕೊಳ್ಳುವ ಬೆರಳುಗಾತ್ರದ ನಕ್ಷತ್ರದ ಸ್ವೆಟರನ್ನು ಆಲ್ಥಿಯಾ ಕ್ರೋಮ್ ಅನ್ನುವ ಹೆಂಗಸು ದಾರದಷ್ಟು ಸಪೂರ ಕಡ್ಡಿಗಳಲ್ಲಿ ಹೆಣೆದಿದ್ದಾರೆ. ಒಬ್ಬರು ಕೂತು ಹೆಣೆದದ್ದು, ಕಂಪ್ಯೂಟರಿನಲ್ಲಿ ಎಳೆದದ್ದಲ್ಲ. ಆ ವರ್ಷದ ಅನಿಮೇಷನ್ ಆಸ್ಕರ್ 'ಅಪ್' ಅನ್ನುವ, ಬಲೂನು ಕಟ್ಟಿದ ಮನೆಯ ಸಿನಿಮಾಕ್ಕೆ ಹೋಯಿತು, ಹೋಗಲಿ. 2024ರಲ್ಲಿ 15 ವರ್ಷ ಆಯಿತು ಅಂತ ಅಮೆರಿಕದಲ್ಲಿ ಇದನ್ನು ಮತ್ತೆ ಥಿಯೇಟರಿಗೆ ತಂದಾಗ ಜನ ಮುಗಿಬಿದ್ದು ನೋಡಿದರು. ಹದಿನೈದು ವರ್ಷದ ಹಿಂದೆ ಹೆದರಿದ ಮಕ್ಕಳು ದುಡ್ಡು ಕೊಟ್ಟು ಮತ್ತೆ ಹೆದರಲು ಹೋದರು ಅಂದರೆ ಅದರಲ್ಲಿ ಏನೋ ಇರಬೇಕಲ್ವಾ?

ಆ ಹೆದರಿಕೆ ಎಲ್ಲಿಂದ ಬರುತ್ತದೆ ಅಂತ ನನಗನ್ನಿಸುವುದು ಹೀಗೆ. ಬೊಂಬೆ ನಿಜವಾಗಿಯೂ ಅಲ್ಲಿತ್ತು. ಬೆಳಕು ಬಿದ್ದದ್ದು ನಿಜವಾದ ಬಟ್ಟೆಯ ಮೇಲೆ. ಜೀವ ಇಲ್ಲದ್ದು ಅಂತ ಕಣ್ಣಿಗೆ ಗೊತ್ತು, ಆದರೂ ಅದು ತಿರುಗಿ ನೋಡುತ್ತದೆ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಸೂತ್ರದ ಬೊಂಬೆಯಾಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೂತ್ರ ಕಾಣುತ್ತದೆ, ಮರದ ಮುಖ ಕಾಣುತ್ತದೆ, ರೆಪ್ಪೆ ಮಿಟುಕದ ಆ ಕಣ್ಣು ನಮ್ಮ ಕಡೆ ತಿರುಗಿದ ಕೂಡಲೇ ಮೈ ಜುಂ ಅನ್ನುತ್ತದೆ.

ಅಂದ ಹಾಗೆ "ಇದೆಲ್ಲ ಫಾರಿನ್‌ನವರ ವಿಕಾರ, ನಮ್ಮ ಸಂಸ್ಕೃತಿ ಅಲ್ಲ" ಅಂತಲೂ ನೆಂಟರು ಸೇರಿಸಿದರು. ಉಡುಪಿಯಲ್ಲಿ ಕೂತು! ಕೃಷ್ಣಮಠದ ರಥಬೀದಿಯಿಂದ ಎರಡು ಕಿಲೋಮೀಟರ್ ದೂರದಲ್ಲಿ! ಸ್ವಾಮೀ, ಪೂತನಿ ಯಾರು? ಚಂದದ ಹೆಂಗಸಿನ ವೇಷದಲ್ಲಿ ಬಂದು, ಅಮ್ಮನ ಹಾಗೆ ಮಗುವನ್ನು ಎತ್ತಿಕೊಂಡು, ವಿಷದ ಹಾಲು ಕೊಟ್ಟವಳು. ಇದಕ್ಕಿಂತ ಭಯಾನಕವಾದದ್ದು ಆ ಸಿನಿಮಾದಲ್ಲಿ ಏನುಂಟು? ನಮ್ಮ ಯಕ್ಷಗಾನದವರು ಇದನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ನೋಡಿ. ಮೊದಲು ಹೆಣ್ಣುಬಣ್ಣದ, ಅಂದರೆ ರಾಕ್ಷಸಿ ವೇಷದ ಪೂತನಿ, ಆರ್ಭಟಿಸಿಕೊಂಡು ಬರುತ್ತಾಳೆ. ಆಮೇಲೆ ಬೇರೊಬ್ಬ ಕಲಾವಿದರು ಸ್ತ್ರೀವೇಷದಲ್ಲಿ ಮಾಯಾಪೂತನಿಯಾಗಿ ಬರುತ್ತಾರೆ, ನಯವಾಗಿ, ನಗುತ್ತಾ. ಸಣ್ಣವನಿದ್ದಾಗ ನನಗೆ ಮೊದಲನೆಯವಳಿಗಿಂತ ಎರಡನೆಯವಳೇ ಹೆದರಿಕೆ. ಸೆಲಿಕ್ ಮಾಡಿದ್ದು ಅದನ್ನೇ, ಕ್ರಮ ಮಾತ್ರ ತಿರುಗಿಸಿದ. ಅವನ ಇನ್ನೊಬ್ಬ ಅಮ್ಮ ಮೊದಲು ನಗುತ್ತಾಳೆ, ಆಮೇಲೆ ಉದ್ದವಾಗುತ್ತಾ ಹೋಗುತ್ತಾಳೆ, ಕೊನೆಗೆ ಸೂಜಿ ಬೆರಳಿನ ಜೇಡ.

ಇನ್ನು ಬಣ್ಣದ ವೇಷದ ತೆರೆ ಪೊರಪ್ಪಾಟು, ಅಂದರೆ ರಾಕ್ಷಸ ಪಾತ್ರ ತೆರೆಯ ಹಿಂದಿನಿಂದ ರಂಗಕ್ಕೆ ಬರುವುದು. ನಡುರಾತ್ರಿ, ತೆರೆಯ ಹಿಂದಿನಿಂದ ಕಿರೀಟದ ತುದಿ ಮಾತ್ರ, ರಾಳ ಎಸೆದು ಭಗ್ ಅಂತ ಬೆಂಕಿ, ಚೆಂಡೆ. ನಮ್ಮನ್ನು ಚಾಪೆ ಸಮೇತ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದದ್ದು ಇದೇ ದೊಡ್ಡವರು. ಅಷ್ಟಮಿಗೆ ಹುಲಿವೇಷ ಅಂಗಳಕ್ಕೆ ಬಂದಾಗ ಅಡುಗೆಮನೆಗೆ ಓಡಿದ ನನ್ನನ್ನು ಎಳೆದು ತಂದು "ಮುಟ್ಟು, ಎಂತ ಆಗುವುದಿಲ್ಲ" ಅಂದದ್ದೂ ಇವರೇ. ಅಂದು ಇಲ್ಲದ ಕಾಳಜಿ ಈಗ ರಿಮೋಟ್ ಕೈಗೆ ಬಂದಾಗ ಎಲ್ಲಿಂದ ಬಂತು?

ಸರಿ, ತೀರಾ ಸಣ್ಣ ಮಕ್ಕಳು ಹೆದರಬಹುದು ಅನ್ನುತ್ತೀರಿ. ಹೌದು, ನಾಲ್ಕು ವರ್ಷದ ಮಗುವಿಗೆ ನಾನೂ ತೋರಿಸುವುದಿಲ್ಲ, ನನಗೂ ಅಷ್ಟು ಬುದ್ಧಿ ಉಂಟು. ಉಳಿದವರಿಗೆ ಹೆದರಿಕೆ ಆದರೆ ಪಕ್ಕದಲ್ಲಿ ಕೂರಿ, ಕೈ ಹಿಡಿಯಿರಿ. ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೆ ಗೊತ್ತಾ? ಆ ಮಗುವಿನ ತಲೆಯಲ್ಲಿ ಸೂಜಿ ದಾರ ಹಾಗೆಯೇ ಉಳಿಯುತ್ತದೆ. ಕೊರಲೈನ್ ಆಮೇಲೆ ಬುದ್ಧಿ ಓಡಿಸಿ ಗೆದ್ದದ್ದು, ಆ ಇನ್ನೊಬ್ಬ ಅಮ್ಮ ಹಿಡಿದಿಟ್ಟ ಅಪ್ಪ ಅಮ್ಮನನ್ನು ಬಿಡಿಸಿಕೊಂಡು ಬಂದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಕೃಷ್ಣ ಬರುವ ಮೊದಲೇ ಆಟ ನಿಲ್ಲಿಸಿ ಮನೆಗೆ ಕರೆದುಕೊಂಡು ಹೋದ ಹಾಗೆ.

ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲಿ ಯಾವತ್ತೂ ಬರೆದದ್ದಲ್ಲ. ನನ್ನ ಅಮ್ಮ ಟೀಚರ್ ಆಗಿದ್ದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಸಂಜೆಯಾದರೆ ಉತ್ತರಪತ್ರಿಕೆಯ ಕಟ್ಟು, ಕೆಂಪು ಪೆನ್ನು, "ಆಮೇಲೆ ಮಗ, ಆಮೇಲೆ." ಪಕ್ಕದ ಮನೆಯ ದೊಡ್ಡಮ್ಮ ಮಾತ್ರ ನಾನು ಶಾಲೆಯಿಂದ ಬರುವ ಹೊತ್ತಿಗೆ ಬಿಸಿ ಗೋಳಿಬಜೆ ಇಟ್ಟುಕೊಂಡು ಕಾಯುತ್ತಿದ್ದರು. ಒಂದು ದಿನ ಅವರ ಜಗಲಿಯಲ್ಲಿ ಕೂತು "ನೀವೇ ನನ್ನ ಅಮ್ಮ ಆಗಿದ್ದರೆ ಒಳ್ಳೇದಿತ್ತು" ಅಂದೆ. ಬೇಲಿಯ ಆಚೆ ಅಮ್ಮ ಬಟ್ಟೆ ಹರವುತ್ತಿದ್ದಳು. ಕೇಳಿಸಿತು. ಏನೂ ಹೇಳಲಿಲ್ಲ, ಇವತ್ತಿನವರೆಗೂ.

ಮಂಗಳೂರಿನ ಹಂಪನಕಟ್ಟೆಯ ಬಾಡಿಗೆ ರೂಮಿನಲ್ಲಿ, ಗೆಳೆಯನ ಪೆನ್‌ಡ್ರೈವಿನಲ್ಲಿ ಮೊದಲ ಸಲ 'ಕೊರಲೈನ್' ನೋಡಿದಾಗ ನಾನು ಮೀಸೆ ಬಂದ ಗಂಡಸು. ಬಟನ್ನು, ಜೇಡ ಎಲ್ಲ ದಾಟಿದೆ. ಕೊನೆಯಲ್ಲಿ ಒಂದು ಜೊತೆ ಗ್ಲೌಸ್ ಬರುತ್ತದೆ. ಮೊದಲು ಅಂಗಡಿಯಲ್ಲಿ ಹುಡುಗಿ ಎಷ್ಟು ಕೇಳಿದರೂ ಅಮ್ಮ ಬೇಡ ಅಂದಿದ್ದ ಬಣ್ಣದ ಗ್ಲೌಸ್, ಈಗ ಹಾಸಿಗೆ ಮೇಲೆ ಸುಮ್ಮನೆ ಇಟ್ಟಿರುತ್ತದೆ. ತಾನು ಸಿಕ್ಕಿಬಿದ್ದದ್ದೂ ಮಗಳು ಬಿಡಿಸಿ ತಂದದ್ದೂ ಆ ಅಮ್ಮನಿಗೆ ನೆನಪಿಲ್ಲ. ರಾತ್ರೋರಾತ್ರಿ ಅವಳೇನೂ ದೇವತೆ ಆಗುವುದಿಲ್ಲ, ಕೆಲಸ ಮುಗಿಯಿತು, ಗ್ಲೌಸ್ ತಂದಳು, ಅಷ್ಟೇ. ಅಲ್ಲಿ ನಾನು ಅತ್ತೆ. ಗೆಳೆಯ "ಕಣ್ಣಿಗೆ ಹೊಗೆಯಾ?" ಅಂತ ಕೇಳಿದ. ಹೂಂ ಅಂದೆ.

ಭಾನುವಾರ ರಾತ್ರಿ ನೆಂಟರು ಹೋದ ಮೇಲೆ ಲ್ಯಾಪ್‌ಟಾಪಿನಲ್ಲಿ ಉಳಿದದ್ದನ್ನು ತೋರಿಸಿಯೇ ಮಲಗಿದೆ. ಹುಡುಗಿ ಎರಡು ಕಡೆ ನನ್ನ ತೋಳು ಗಿಂಡಿದಳು, ಕಲೆ ಇನ್ನೂ ಇದೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳಂತೆ. ತೊಂದರೆ ಆದದ್ದು ಮರುದಿನ ಮಧ್ಯಾಹ್ನ. ಅಕ್ಕ ಯಾವತ್ತೂ ಇಲ್ಲದ ಉತ್ಸಾಹದಲ್ಲಿ ನೀರುದೋಸೆ, ಕೋಳಿ ಸುಕ್ಕ ಮಾಡಿದ್ದಳು. ಹುಡುಗಿ ಒಂದು ತುತ್ತು ತಿಂದು, ದೋಸೆ ಕೆಳಗಿಟ್ಟು, ಅಮ್ಮನ ಹತ್ತಿರ ಹೋಗಿ ಅವಳ ಕಣ್ಣನ್ನೇ ದಿಟ್ಟಿಸಿ ನೋಡಿ ಕೇಳಿದಳು: "ಇವತ್ತು ಇಷ್ಟು ರುಚಿ ಹೇಗಾಯಿತು? ನೀನು ಯಾರು?"

ಅಕ್ಕ ಎರಡು ದಿನದಿಂದ ನನ್ನ ಫೋನ್ ಎತ್ತುತ್ತಿಲ್ಲ.