ಮೂರು ಗುಂಗುರು ಬಾಲ

"ನಿಮ್ಮ ಬಾತಿಗೆ ಒಂಚೂರು ಬುದ್ಧಿ ಹೇಳ್ರಿ. ನಮ್ಮ ಕೋಳಿ ಬೆನ್ನ ಹತ್ತೇತಿ!"

ಹಿತ್ತಲಿನ ಗೋಡೆಯ ಆಚೆಯಿಂದ ಕಾಕು ಕೂಗಿದಾಗ ನಾನು ಬೆಳಗಿನ ಎರಡನೇ ಚಹಾ ಕುಡಿಯುತ್ತಿದ್ದೆ. ಧಾರವಾಡದಲ್ಲಿ ಯಾರ ಮನೆ ಹುಡುಗರಿಗೆ ಬೇಕಾದರೂ ಬುದ್ಧಿ ಹೇಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಆದರೆ ಬಾತಿಗೆ? ಕಪ್ಪು ಬಸಿ ಅಲ್ಲೇ ಬಿಟ್ಟು ಓಡಿದೆ. ನಮ್ಮ ಗಂಡು ಬಾತು ಫೌಜದಾರ ಕಾಕುವಿನ ಜವಾರಿ ಕೋಳಿಯ ಹೆಡಕು ಕಚ್ಚಿ ಹಿಡಿದು ಮೇಲೇರಲು ಹೊರಟಿದ್ದ. ಕೋಳಿ ಕಿರುಚುತ್ತಿತ್ತು. ಕೋಳಿಗಿಂತ ಕಾಕು ಜೋರಾಗಿ ಕಿರುಚುತ್ತಿದ್ದರು.

ಬಿಡಿಸಿದ್ದಾಯಿತು. ಇದು ನಗುವ ಮಾತಲ್ಲ ಅಂತ ಆಮೇಲೆ ಪಶುವೈದ್ಯರು ಹೇಳಿದರು. ಹುಂಜಕ್ಕೆ ಹೊರಗೆ ಚಾಚುವಂಥ ಅಂಗ ಇಲ್ಲ. ಗಂಡು ಬಾತಿಗೆ ಇದೆ, ತಿರುಪಿನ ಹಾಗೆ ಸುತ್ತಿಕೊಂಡದ್ದು. ಕೋಳಿಯ ಮೈ ಅದಕ್ಕೆ ಹೊಂದುವುದಿಲ್ಲ. ಒಳಗೆ ಗಾಯವಾಗಿ ಸತ್ತೇ ಹೋಗಬಹುದು. ನಾನು ಅಂದೇ ಸಂಜೆ ಗೋಡೆಯ ಕಿಂಡಿಗೆ ಹಲಗೆ ಬಡಿದೆ. ಕಾಕುವಿಗೆ ಆರು ತತ್ತಿ ದಂಡ ಕೊಟ್ಟೆ.

ಅಸಲಿಗೆ ಈ ಫೌಜದಾರ ನಮ್ಮ ಮನೆಗೆ ಹೆಣ್ಣಾಗಿ ಬಂದವನು. ಸಂತೆಯಲ್ಲಿ ಎಂಟು ಮರಿ ಕೊಂಡಿದ್ದೆ. "ಎಲ್ಲಾ ತತ್ತಿ ಇಡೋವು, ಗ್ಯಾರಂಟಿ ಸಾಹೇಬ್ರ" ಅಂದಿದ್ದ ಮಾರುವವನು. ಅಂಗೈಯಲ್ಲಿ ಕೂರುವ ಹತ್ತಿಯ ಉಂಡೆ ಗಂಡೋ ಹೆಣ್ಣೋ ಅಂತ ಮೇಲಿಂದ ನೋಡಿ ಹೇಳಲು ಬ್ರಹ್ಮನಿಗೂ ಆಗದು. ಎರಡು ತಿಂಗಳು ಕಳೆಯುವ ಹೊತ್ತಿಗೆ ದನಿ ಬೇರೆಯಾಯಿತು. ಐದು ಮರಿಗಳು ಓಣಿಗೆಲ್ಲ ಕೇಳುವಂತೆ ಕ್ವಾಕ್ ಕ್ವಾಕ್ ಅನ್ನತೊಡಗಿದವು. ಮೂರಕ್ಕೆ ಮಾತ್ರ ನೆಗಡಿ ಹತ್ತಿದಂತೆ ಗಂಟಲು ಕಟ್ಟಿತ್ತು. ನಾನು ಆ ಮೂರಕ್ಕೆ ಶುಂಠಿ ಜಜ್ಜಿ ನೀರಿಗೆ ಹಾಕಿದೆ. ಬಾತಿನಲ್ಲಿ ಗದ್ದಲ ಮಾಡುವುದು ಹೆಣ್ಣು, ಪಿಸುಗುಡುವುದು ಗಂಡು ಅಂತ ನನಗೇನು ಗೊತ್ತು? ಮುಂದೆ ಆ ಮೂರರ ಬಾಲದ ಮೇಲೆ ಎರಡು ಮೂರು ಪುಕ್ಕ ಮೇಲಕ್ಕೆ ಗುಂಗುರಾಗಿ ಸುರುಳಿ ಸುತ್ತಿದಾಗ ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ನಮ್ಮ ಮನೆಯವರು ನೋಡಿ, "ನಿಮ್ಮ ಗ್ಯಾರಂಟಿಗೆ ಬಾಲ ಬಂತ್ರಿ" ಅಂದರು.

ಜಾತಿ ಖಾಕಿ ಕ್ಯಾಂಪ್‌ಬೆಲ್. ಇಂಗ್ಲೆಂಡಿನ ಅಡೆಲ್ ಕ್ಯಾಂಪ್‌ಬೆಲ್ ಎಂಬ ಹೆಂಗಸು 1900ರ ಆಸುಪಾಸಿನಲ್ಲಿ ಹೆಚ್ಚು ತತ್ತಿಗಾಗಿ ಬೆರಕೆ ಮಾಡಿ ಬೆಳೆಸಿದ ತಳಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300ರ ತನಕ ತತ್ತಿ ಇಡುತ್ತದೆ. ಖಾಕಿ ಬಟ್ಟೆ, ಎದೆಯುಬ್ಬಿಸಿ ನಡೆಯುವ ಗತ್ತು. ಹಾಗಾಗಿ ಮೂವರಲ್ಲಿ ದೊಡ್ಡವನು ಫೌಜದಾರ ಆದ, ಉಳಿದಿಬ್ಬರು ಹವಾಲ್ದಾರರು. ಹೆಣ್ಣುಗಳಲ್ಲಿ ಹಿರಿಯಳು ಗೌಡಶಾನಿ.

ಸಂಕ್ರಾಂತಿ ಕಳೆಯುವವರೆಗೆ ಎಲ್ಲ ಸರಿ ಇತ್ತು. ಆಮೇಲೆ ಹಗಲು ಉದ್ದವಾದಂತೆ ಹಿತ್ತಲಿನ ಹವೆ ಕೆಟ್ಟಿತು. ಹಗಲು ಬೆಳೆದರೆ ಹಕ್ಕಿಗಳ ಮೈಯಲ್ಲಿ ಹಾರ್ಮೋನೂ ಏರುತ್ತದಂತೆ. ನಾವು ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡುವ ಕಾಲಕ್ಕೆ ಸರಿಯಾಗಿ ಬಾತುಗಳು ಜಗಳ ಶುರುಮಾಡಿದವು.

ಬಾತಿನ ಪ್ರಣಯ ನೋಡಲು ಮೊದಲಿಗೆ ಚಂದವೇ. ಗಂಡು ಹೆಣ್ಣು ಎದುರುಬದುರು ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತವೆ, ಮಾತು ಮುಗಿಸುತ್ತಿರುವ ಬೀಗರ ಹಾಗೆ. ಒಪ್ಪಿಗೆ ಇದ್ದರೆ ಹೆಣ್ಣು ನೀರಿನ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಗಂಡು ಹೆಡಕಿನ ಪುಕ್ಕ ಹಿಡಿದು ಏರುತ್ತದೆ. ಅರ್ಧ ನಿಮಿಷದ ಕೆಲಸ. ಆದರೆ ನಮ್ಮಲ್ಲಿ ಒಂದು ಇಳಿಯುವಷ್ಟರಲ್ಲಿ ಇನ್ನೊಂದು, ಅದು ಇಳಿಯುವಷ್ಟರಲ್ಲಿ ಮೂರನೆಯದು. ಕೆಲವು ಸಲ ಸಾಲು ನಿಲ್ಲುವ ತಾಳ್ಮೆಯೂ ಇಲ್ಲದೆ ಮೂರೂ ಒಟ್ಟಿಗೆ. ಅದರಲ್ಲೂ ಎಲ್ಲಕ್ಕಿಂತ ಸಣ್ಣ ಹೆಣ್ಣೊಂದರ ಮೇಲೆಯೇ ಕಣ್ಣು. ಹದಿನೈದು ದಿನದಲ್ಲಿ ಅದರ ಹೆಡಕು ಬೋಳಾಯಿತು. ಒಂದು ದಿನ ಕಾಲು ಎಳೆಯತೊಡಗಿತು. ಮರುದಿನ ಸಿಮೆಂಟ್ ಟಾಕಿಯಲ್ಲಿ ಮೂರರ ಕೆಳಗೆ ಸಿಕ್ಕು ಮುಳುಗಿತ್ತು. ನಾನು ತೋಳು ತನಕ ಕೈ ಹಾಕಿ ಎತ್ತಿದಾಗ ಅದು ಉಸಿರು ಎಳೆದುಕೊಂಡ ರೀತಿ ಇನ್ನೂ ನೆನಪಿದೆ. ಬಾತು ನೀರಿನಲ್ಲಿ ಮುಳುಗಿ ಸಾಯಬಹುದು ಅಂದರೆ ಯಾರಾದರೂ ನಂಬುತ್ತಾರಾ? ಸಾಯುತ್ತದೆ, ಹೀಗೇ. ಟಾಕಿ ಖಾಲಿ ಮಾಡಿದೆ. ನಮ್ಮ ಓಣಿಗೆ ಮಲಪ್ರಭೆ ನೀರು ವಾರಕ್ಕೊಮ್ಮೆ ಬರುವುದು, ಹಾಗಾಗಿ ಖಾಲಿ ಮಾಡುವಾಗ ಸಂಕಟವೂ ಆಯಿತು. ಗಿಡಕ್ಕೆ ಹಾಕಿದೆ. ಗೇಣುದ್ದ ನೀರು ನಿಲ್ಲುವ ಅಗಲದ ಬೋಗುಣಿ ತಂದಿಟ್ಟೆ.

ಪ್ರಕೃತಿ ಹೆಣ್ಣು ಬಾತಿಗೆ ಒಂದು ಉಪಾಯ ಕೊಟ್ಟಿದೆ ಅಂತ ಆಮೇಲೆ ಓದಿದೆ. ಪೆಟ್ರೀಷಿಯಾ ಬ್ರೆನ್ನನ್ ಎಂಬ ಜೀವವಿಜ್ಞಾನಿ ಮತ್ತು ಜೊತೆಗಾರರು 2007ರಲ್ಲಿ ಬರೆದದ್ದು. ಗಂಡಿನ ಅಂಗ ಒಂದು ಕಡೆಗೆ ಸುತ್ತಿದ್ದರೆ ಹೆಣ್ಣಿನ ಒಳದಾರಿ ಅದರ ಎದುರು ದಿಕ್ಕಿಗೆ ಸುತ್ತಿರುತ್ತದಂತೆ. ಕೆಲವು ಜಾತಿಗಳಲ್ಲಿ ನಡುವೆ ಮುಂದೆ ಹೋಗದ ಸಂದಿಗಳೂ ಉಂಟು, ಹಳೇ ಹುಬ್ಬಳ್ಳಿಯ ಓಣಿ ಹೊಕ್ಕ ಹೊಸಬನ ಪಾಡು. ಒಳ್ಳೆಯದೇ. ಆದರೆ ಹೆಡಕಿನ ಪುಕ್ಕಕ್ಕೆ ಅಂಥ ಉಪಾಯ ಏನೂ ಇರಲಿಲ್ಲ.

ನಾನು ನ್ಯಾಯ ಮಾಡಲು ಕೂತೆ. ಮೂವತ್ತು ವರ್ಷ ಆಫೀಸಿನಲ್ಲಿ ಜಗಳ ಬಿಡಿಸಿದವನು ನಾನು, ಇದೇನು ಮಹಾ ಅಂದುಕೊಂಡೆ. ಮೊದಲು ಗದರಿದೆ. ಫೌಜದಾರ ನನ್ನ ಚಪ್ಪಲಿ ಕುಕ್ಕಿದ. ಪೈಪಿನಿಂದ ನೀರು ಹಾರಿಸಿದೆ. ಬಾತಿಗೆ ನೀರು ಶಿಕ್ಷೆಯೇ? ಇನ್ನೂ ಬೇಕು ಅಂತ ಮುಂದೆ ಬಂದು ನಿಂತ. ಕೊನೆಗೆ ಅವನನ್ನು ಎರಡು ದಿನ ಬುಟ್ಟಿಯ ಕೆಳಗೆ ಸಸ್ಪೆಂಡ್ ಮಾಡಿದೆ. ಆ ಎರಡು ದಿನದಲ್ಲಿ ಹವಾಲ್ದಾರರಲ್ಲಿ ಒಬ್ಬ ಅವನ ಕುರ್ಚಿ ಹಿಡಿದ. ಮೂರನೇ ದಿನ ಬಿಟ್ಟಾಗ ಎದೆಗೆ ಎದೆ ಕೊಟ್ಟು, ಕತ್ತು ಕಚ್ಚಿ, ರೆಕ್ಕೆ ಬಡಿದು, ಯಾರು ಮೇಲು ಅನ್ನುವುದನ್ನು ಮೊದಲಿಂದ ತೀರ್ಮಾನ ಮಾಡಿದರು. ಮುಂಚಿಗಿಂತ ಜಾಸ್ತಿ ರಂಪ. ನಮ್ಮ ಮನೆಯವರು ಕಿಟಕಿಯಿಂದ, "ಆಫೀಸಿನ್ಯಾಗೂ ಹಿಂಗ ಬಿಡಿಸ್ತಿದ್ರೇನು?" ಅಂದರು.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವುದಕ್ಕೆ ಮೇಲಿಂದ ಕೆಳಗೆ ಒಂದು ಕ್ರಮ ಇದೆ ಎಂದು ನಾರ್ವೆಯ ಪ್ರಾಣಿವಿಜ್ಞಾನಿ ಶೆಲ್ಡೆರುಪ್-ಎಬ್ಬೆ 1922ರಲ್ಲೇ ಬರೆದಿದ್ದ. ಬಾತುಗಳಲ್ಲೂ ಇದೆ. ಹಿತ್ತಲಲ್ಲಿ ಮೊಡ್ಡಾ ಹಾಕಿಕೊಂಡು ಕೂತು ನೋಡಿದ ಮೇಲೆ ನನಗೆ ಹೊಳೆದದ್ದು, ಈ ಕ್ರಮ ಗಂಡುಗಳ ಕೈಯಲ್ಲೇ ಇಲ್ಲ ಅಂತ. ಗೌಡಶಾನಿ ಫೌಜದಾರನ ಪಕ್ಕಕ್ಕೆ ಬರುತ್ತಾಳೆ. ಹವಾಲ್ದಾರನತ್ತ ಹೆಗಲ ಮೇಲಿಂದ ಕತ್ತು ತಿರುಗಿಸಿ ಕ್ವೆಕ್ ಕ್ವೆಕ್ ಅನ್ನುತ್ತಾಳೆ. "ಇಂವನ್ನ ನೋಡ್ರಿ ಒಂದೀಟು" ಅಂದ ಹಾಗೆ. ಫೌಜದಾರ ಬಿಟ್ಟ ಬಾಣದಂತೆ ಹೋಗಿ ಅವನನ್ನು ಅಟ್ಟುತ್ತಾನೆ. ಇದು ನನ್ನ ಕಲ್ಪನೆಯಲ್ಲ. 1973ರಲ್ಲಿ ನೊಬೆಲ್ ಪಡೆದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆಂಝ್ ಈ ಚುಚ್ಚಿಕೊಡುವ ಆಟವನ್ನು ಬಾತುಗಳಲ್ಲಿ ಬಹಳ ಮೊದಲೇ ಗುರುತಿಸಿದ್ದ. ಗಂಡು ಹತ್ತಿರ ಇಲ್ಲದಾಗ ಗೌಡಶಾನಿ ತಾನೇ ಬೇರೆ ಹೆಣ್ಣಿನ ಬೆನ್ನೇರಿ ನಿಲ್ಲುವುದೂ ಉಂಟು. ಅದು ಪ್ರಣಯ ಅಲ್ಲ, ಬರೀ ಯಜಮಾನಿಕೆ.

ಹಾಗಾದರೆ ತಪ್ಪಿತಸ್ಥರು ಯಾರು? ಫೌಜದಾರನೇ, ಗೌಡಶಾನಿಯೇ, ಕಾಯ್ದು ನಿಂತ ಹವಾಲ್ದಾರರೇ? ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಪಶುವೈದ್ಯರು ನನ್ನ ದೂರನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಗಂಡೆಷ್ಟು, ಹೆಣ್ಣೆಷ್ಟು?"

"ಮೂರು, ಐದು."

"ಐದಕ್ಕ ಒಂದು ಸಾಕ್ರಿ. ಇನ್ನೆರಡು ತಗೀರಿ."

ಇಷ್ಟೇ! ಒಂದು ಗಂಡಿಗೆ ನಾಲ್ಕರಿಂದ ಆರು ಹೆಣ್ಣು ಇದ್ದರೆ ಯಾರ ಹೆಡಕೂ ಬೋಳಾಗುವುದಿಲ್ಲವಂತೆ. ನಾನು ನಡತೆಯ ವಿಚಾರಣೆ ನಡೆಸಿದ್ದೆ, ಅಲ್ಲಿ ಕೆಟ್ಟಿದ್ದದ್ದು ಭಾಗಾಕಾರ.

ತೆಗೆಯಿರಿ ಅಂದರೆ ಸಾರು ಮಾಡಿ ಅಂತಲೇ ಅರ್ಥ, ನನಗೆ ಗೊತ್ತು. ಆದರೆ ಶುಂಠಿ ನೀರು ಕುಡಿಸಿ ಬೆಳೆಸಿದವರು. ಮನಸ್ಸು ಬರಲಿಲ್ಲ. ಧಾರವಾಡದವನಿಗೆ ಹೊಳೆಯುವ ದಾರಿಯೇ ನನಗೂ ಹೊಳೆಯಿತು: ಹಾಸ್ಟೆಲ್. ಹಿತ್ತಲಿನ ಪೇರಲ ಗಿಡದ ಆಚೆ ಜಾಳಿಗೆ ಕಟ್ಟಿ, ಬೇರೆ ನೀರು, ಬೇರೆ ಕಾಳು ಇಟ್ಟು ಇಬ್ಬರು ಹವಾಲ್ದಾರರನ್ನು ಸೇರಿಸಿದೆ. ಮೊದಲ ದಿನ ಜಾಳಿಗೆಗೆ ಮೂಗು ಒತ್ತಿ ಇತ್ತಲೇ ನೋಡುತ್ತ ಓಡಾಡಿದರು. ಗೋಣಿ ತಟ್ಟು ಹೊಲಿದು ಅಡ್ಡ ಹಾಕಿದೆ. ಹೆಣ್ಣು ಕಣ್ಣಿಗೆ ಬೀಳದ ಮೇಲೆ ಇಬ್ಬರೂ ಎಷ್ಟು ಸಭ್ಯರು ಅಂತೀರಿ! ಒಟ್ಟಿಗೆ ಮೀಯುವುದು, ಒಟ್ಟಿಗೆ ಹುಳ ಹೆಕ್ಕುವುದು, ಮಧ್ಯಾಹ್ನ ಒಬ್ಬರ ಪಕ್ಕ ಒಬ್ಬರು ಒಂಟಿ ಕಾಲಲ್ಲಿ ನಿದ್ದೆ. ಸಣ್ಣ ಹೆಣ್ಣಿನ ಹೆಡಕಿಗೆ ಮೊದಲು ಮುಳ್ಳಿನಂಥ ಎಳೆ ಪುಕ್ಕ ಚಿಗುರಿತು, ತಿಂಗಳೊಪ್ಪತ್ತಿನಲ್ಲಿ ಮುಚ್ಚಿತು. ಟಾಕಿಗೆ ಮತ್ತೆ ನೀರು ಬಿಟ್ಟೆ. ಕಾಕು ಕೋಳಿಗಳನ್ನು ಧೈರ್ಯವಾಗಿ ಹೊರಗೆ ಬಿಡುತ್ತಿದ್ದಾರೆ. ಹಲಗೆ ಮಾತ್ರ ತೆಗೆದಿಲ್ಲ.

ಹೋದ ವಾರ ನವಲೂರಿನಿಂದ ಒಬ್ಬರು ಬಂದಿದ್ದರು. ಅವರ ತೋಟದಲ್ಲಿ ಆರು ಹೆಣ್ಣು ಬಾತು ಇವೆಯಂತೆ, ಗಂಡಿಲ್ಲ. ಮರಿ ಮಾಡಿಸಬೇಕು, ಒಂದು ಹವಾಲ್ದಾರನನ್ನು ಕೊಡಿ ಅಂದರು. ಗೋಣಿ ತಟ್ಟು ಸರಿಸಿ ತೋರಿಸಿದೆ. ಇಬ್ಬರೂ ಒಂದೇ ನೆರಳಲ್ಲಿ ಕತ್ತು ಹಿಂದಕ್ಕೆ ಮಡಚಿ ಮಲಗಿದ್ದರು. ಒಬ್ಬನನ್ನು ಒಯ್ದರೆ ಇನ್ನೊಬ್ಬ ಒಂಟಿಯಾಗುತ್ತಾನೆ. ಇಬ್ಬರನ್ನೂ ಕೊಟ್ಟರೆ ಅಲ್ಲಿ ಆರಕ್ಕೆ ಎರಡಾಗುತ್ತದೆ, ಮತ್ತೆ ಅದೇ ಕಥೆ.

"ಒಯ್ದರ ಇಬ್ಬರನ್ನೂ ಒಯ್ರಿ. ಆದ್ರ ಮೊದಲ ಇನ್ನೊಂದು ನಾಕು ಹೆಣ್ಣು ತಗೊಂಡು ಬರ್ರಿ" ಅಂದೆ.

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ವಿಚಾರ ಮಾಡಿ ಹೇಳ್ತೀನಿ ಅಂತ ಹೋಗಿದ್ದಾರೆ.